‘ಸ್ಟೇಷನ್ನಿಗೆ ಬಾ’ ಎಂದರೆ ಸಾಕೇ?

ಸಾವನದುರ್ಗದ ಬುಡದಲ್ಲಿ, ವೀರಭದ್ರಸ್ವಾಮಿ ಗುಡಿಯ ಮುಂದೆ ನಿಂತು ತಲೆ ಎತ್ತಿದರೆ ಕರಿಗುಡ್ಡ, ಬಿಳಿಗುಡ್ಡ ಎರಡೂ ಕಲ್ಲಿನ ಗೋಡೆಯ ಹಾಗೆ ಆಕಾಶವನ್ನು ಅಡ್ಡಗಟ್ಟಿ ನಿಂತಿರುತ್ತವೆ. 1226 ಮೀಟರ್ ಎತ್ತರದ ಈ ಬೆಟ್ಟದ ಕೋಟೆಯನ್ನು 1728ರಲ್ಲಿ ಮೈಸೂರಿನ ದಳವಾಯಿಯ ಸೈನ್ಯ ಗೆದ್ದಿತು. ಮಾಗಡಿಯ ಕೊನೆಯ ಕೆಂಪೇಗೌಡನನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಆತ ಸೆರೆಯಲ್ಲೇ ತೀರಿಕೊಂಡ. ಯಾವ ತಪ್ಪಿಗೆ ಹಿಡಿದಿರಿ, ಎಷ್ಟು ದಿನ ಇಡುತ್ತೀರಿ, ಯಾರ ಮುಂದೆ ನಿಲ್ಲಿಸುತ್ತೀರಿ ಎಂದು ಕೇಳುವ ಹಕ್ಕು ಆಗ ಪಾಳೆಯಗಾರನಿಗೂ ಇರಲಿಲ್ಲ. ಇಂದು ಅದೇ ಬೆಟ್ಟದ ತಪ್ಪಲಲ್ಲಿ ಕುರಿ ಮೇಯಿಸುವ ಹುಡುಗನಿಗೆ ಆ ಮೂರೂ ಪ್ರಶ್ನೆ ಕೇಳುವ ಹಕ್ಕಿದೆ. ಸಂವಿಧಾನದ 22ನೇ ವಿಧಿ ಕೊಟ್ಟಿರುವ ಹಕ್ಕು ಅದು. ಒಬ್ಬ ರಾಜನಿಗೆ ಇಲ್ಲದಿದ್ದ ಈ ಬಲ ಒಬ್ಬ ಕುರುಬರ ಹುಡುಗನಿಗೆ ದಕ್ಕಲು ಈ ನಾಡು ಎರಡು ಶತಮಾನಕ್ಕೂ ಹೆಚ್ಚು ಕಾಲ ಕಾದಿದೆ.

ದಕ್ಕಿದ್ದನ್ನು ನಾವು ಕಣ್ಣೆದುರೇ ಕಳೆದುಕೊಳ್ಳುತ್ತಿದ್ದೇವೆ. ಯಾರೂ ಕಾಯಿದೆ ಮಾಡಿ ಕಿತ್ತುಕೊಂಡಿಲ್ಲ. ಕೇಳುವವರಿಲ್ಲದೆ ಅದು ತಾನೇ ಸವೆದು ಹೋಗುತ್ತಿದೆ.

ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡಿರುವ ನಮ್ಮ ರಾಮನಗರ ಜಿಲ್ಲೆಯ ಯಾವ ಹಳ್ಳಿಗಾದರೂ ಹೋಗಿ ಕೇಳಿ. ಪೊಲೀಸರು ಕರೆಯುವುದು ಹೇಗೆ ಎಂದರೆ ಉತ್ತರ ಒಂದೇ: ಫೋನ್ ಬರುತ್ತದೆ. ‘ಸ್ಟೇಷನ್ನಿಗೆ ಬಾ, ಸಾಹೇಬರು ಕರೀತಾವ್ರೆ.’ ಯಾವ ಸಾಹೇಬರು, ಯಾವ ದೂರು, ತಾನು ಅದರಲ್ಲಿ ಸಾಕ್ಷಿಯೋ ಆರೋಪಿಯೋ, ಒಂದೂ ತಿಳಿಯದು. ರೇಷ್ಮೆಗೂಡು ಬಿಡಿಸುವುದನ್ನು ನಿಲ್ಲಿಸಿ, ಒಗೆದ ಅಂಗಿ ಹಾಕಿಕೊಂಡು, ಊರಲ್ಲಿ ಮಾತು ಬಲ್ಲವರೊಬ್ಬರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆತ ಹೊರಡುತ್ತಾನೆ. ಹೊರಡುವಾಗ ಹೆಂಡತಿ ಮನೆದೇವರಿಗೆ ಮುಡಿಪು ಕಟ್ಟುತ್ತಾಳೆ. ವಕೀಲರಿಗೆ ಒಂದು ಮಾತು ಕೇಳೋಣ ಎಂದು ಯಾರಿಗೂ ಹೊಳೆಯುವುದಿಲ್ಲ.

ನಾನೂ ಹಾಗೆ ಹೋದವನೇ. ವರ್ಷಗಳ ಹಿಂದೆ, ಬದುವಿನ ಒಂದು ಜಗಳದಲ್ಲಿ, ಒಂದು ಠಾಣೆಯಿಂದ ಫೋನ್ ಬಂತು. ಬೆಳಿಗ್ಗೆ ಹತ್ತಕ್ಕೆ ಹೋದವನನ್ನು ಗೋಡೆ ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಸಂಜೆ ಆರರವರೆಗೆ ಯಾರೂ ಏನೂ ಕೇಳಲಿಲ್ಲ. ಆರು ದಾಟಿದ ಮೇಲೆ ರೈಟರ್ ಒಂದು ಹಾಳೆ ಮುಂದಿಟ್ಟರು. ‘ಇನ್ನು ಮುಂದೆ ಆ ಜಾಗದ ತಂಟೆಗೆ ಹೋಗುವುದಿಲ್ಲ’ ಎಂಬ ಮುಚ್ಚಳಿಕೆ. ಓದಿ ನೋಡುವ ಮೊದಲೇ ಪೆನ್ನು ಕೈಗೆ ಬಂದಿತ್ತು. ಸಹಿ ಹಾಕಿದೆ. ನಕಲು ಕೇಳಲಿಲ್ಲ. ಮನೆಗೆ ಬಂದು ಊಟ ಮಾಡುವಾಗ ಕೈ ನಡುಗುತ್ತಿತ್ತು. ಯಾರೂ ಹೊಡೆದಿರಲಿಲ್ಲ, ಬೈದಿರಲೂ ಇಲ್ಲ. ಆದರೂ ಎಂಟು ಗಂಟೆ ಕಾಲ ನಾನು ಯಾರೂ ಅಲ್ಲದವನಾಗಿದ್ದೆ. ಪತ್ರಿಕೆ ನಡೆಸುವವನ ಪಾಡೇ ಇದಾದರೆ, ಹೆಬ್ಬೆಟ್ಟು ಒತ್ತುವವರ ಪಾಡನ್ನು ಬೇರೆಯಾಗಿ ಹೇಳಬೇಕಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಆಮೇಲೆ ಓದಿದೆ. ತನಿಖಾಧಿಕಾರಿ ಒಬ್ಬ ಸಾಕ್ಷಿಯನ್ನು ತನ್ನ ಮುಂದೆ ಕರೆಸಿಕೊಳ್ಳಬೇಕಾದರೆ ಲಿಖಿತ ಆದೇಶ ಕೊಡಬೇಕು. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 160ನೇ ಕಲಮಿನಲ್ಲಿ ಇದು ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಲ್ಲೂ ಇದೆ. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಹೀಗೆ ಠಾಣೆಗೆ ಕರೆಸುವಂತೆಯೇ ಇಲ್ಲ. ಅವರಾಗಿಯೇ ಬರುತ್ತೇನೆಂದರೆ ಬೇರೆ ಮಾತು. ಇಲ್ಲವಾದರೆ ಪೊಲೀಸರೇ ಅವರ ಮನೆಗೆ ಹೋಗಿ ಕೇಳಬೇಕು. ಆರೋಪಿಯೇ ಆಗಿದ್ದರೂ, ಬಂಧಿಸುವ ಅಗತ್ಯವಿಲ್ಲ ಎಂದಾದಾಗ 35ನೇ ಕಲಮಿನ ಪ್ರಕಾರ ನೋಟಿಸ್ ಕೊಡಬೇಕು. ಆ ನೋಟಿಸಿನಂತೆ ನಡೆದುಕೊಂಡವನನ್ನು ಕಾರಣ ದಾಖಲಿಸದೆ ಬಂಧಿಸುವ ಹಾಗಿಲ್ಲ. ನೋಟಿಸನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿ ಕೈ ತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ವಾಟ್ಸ್‌ಆ್ಯಪೇ ಸಾಲದು ಎಂದ ಮೇಲೆ ‘ಬಾ’ ಎಂಬ ಒಂದಕ್ಷರದ ಫೋನಿಗೆ ಎಲ್ಲಿಯ ಬಲ?

ಈ ಅವನತಿಯಲ್ಲಿ ನಮ್ಮ ಪಾಲೂ ಇದೆ. ಕನ್ನಡ ಪತ್ರಿಕೆಗಳಲ್ಲಿ ದಿನಬೆಳಗಾದರೆ ಕಾಣುವ ಒಂದು ವಾಕ್ಯ: ‘ಪೊಲೀಸರು ಮೂವರನ್ನು ವಶಕ್ಕೆ ಪಡೆದು ವಿಚಾರಣೆ ನಡೆಸುತ್ತಿದ್ದಾರೆ.’ ಇದನ್ನು ಎಷ್ಟು ಸಲ ಅಚ್ಚು ಹಾಕಿದ್ದೇವೋ ಲೆಕ್ಕವಿಲ್ಲ. ಈ ‘ವಶ’ ಯಾವುದು? ಕಾನೂನಿನಲ್ಲಿ ಎರಡೇ ಸ್ಥಿತಿ ಇವೆ. ನೀವು ಬಂಧನದಲ್ಲಿದ್ದೀರಿ, ಇಲ್ಲವೇ ಎದ್ದು ಮನೆಗೆ ಹೋಗಲು ಸ್ವತಂತ್ರರಿದ್ದೀರಿ. ಮೂರನೆಯದಿಲ್ಲ. ಎದ್ದು ಹೋಗಲು ಬಿಡುತ್ತಿಲ್ಲ ಎಂದರೆ ಅದು ಬಂಧನವೇ. ಬಂಧನವಾದರೆ ಕಾರಣ ತಿಳಿಸಬೇಕು, ಬಂಧನದ ಮೆಮೊ ಬರೆದು ಮನೆಯವರೋ ಊರಿನ ಗಣ್ಯರೋ ಒಬ್ಬರ ಸಾಕ್ಷಿ ಸಹಿ ಹಾಕಿಸಬೇಕು, ಬಂಧಿತನ ಸಹಿಯನ್ನೂ ಪಡೆಯಬೇಕು, ಸಂಬಂಧಿಕರಿಗೆ ಸುದ್ದಿ ಮುಟ್ಟಿಸಬೇಕು, ವೈದ್ಯಕೀಯ ತಪಾಸಣೆ ಮಾಡಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇಷ್ಟನ್ನೂ ತಪ್ಪಿಸಿಕೊಳ್ಳಲು ಹುಟ್ಟಿದ ಮಾತು ‘ವಶ’. ಆ ಮಾತಿಗೆ ಮರ್ಯಾದೆ ತಂದುಕೊಟ್ಟವರು ನಾವು, ಪತ್ರಕರ್ತರು. ಇನ್ನು ಈ ಪತ್ರಿಕೆಯಲ್ಲಿ ಅದು ಬರುವುದಿಲ್ಲ. ಬಂಧಿಸಿದ್ದಾರೆ ಎಂದು ಬರೆಯುತ್ತೇವೆ, ಇಲ್ಲವೇ ಕೂರಿಸಿಕೊಂಡಿದ್ದಾರೆ ಎಂದು ಬರೆಯುತ್ತೇವೆ.

ಕಾಗದವಿಲ್ಲದ ಆ ಗಂಟೆಗಳಲ್ಲಿ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. ತುರ್ತು ಪರಿಸ್ಥಿತಿಯ ಕಾಲ, 1976ರ ಮೇ 1. ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ತಿಳಿಯಲು ಅವರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ‘ವಿಚಾರಣೆಗೆ’ ಕರೆದೊಯ್ದರು. ಮನೆಯವರಿಗೆ ದಿನಗಟ್ಟಲೆ ಸುಳಿವಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಬಂದಾಗ ಅವರ ದೇಹ ಜರ್ಜರಿತವಾಗಿತ್ತು. ದಾಖಲೆಯಲ್ಲಿ ಬಂಧನದ ದಿನವನ್ನೇ ಮುಂದಕ್ಕೆ ಹಾಕಲಾಗಿತ್ತು. ಅವರ ತಾಯಿ ಅಲೈಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಕರೆದೊಯ್ದ ಗಳಿಗೆಗೂ ಕಾಗದದ ಮೇಲಿನ ಗಳಿಗೆಗೂ ನಡುವೆ ಬಿದ್ದ ಆ ದಿನಗಳಲ್ಲೇ ಎಲ್ಲವೂ ನಡೆದುಹೋಗಿತ್ತು. ಅದು ತುರ್ತು ಪರಿಸ್ಥಿತಿ, ಈಗ ಹಾಗಿಲ್ಲ ಎನ್ನುವವರಿದ್ದಾರೆ. ಹಾಗಾದರೆ 2021ರ ಮೇ ತಿಂಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ ತನಗೆ ಮೂತ್ರ ನೆಕ್ಕಿಸಿದರು ಎಂದು ಒಬ್ಬ ದಲಿತ ಯುವಕ ದೂರಿದ್ದು ಯಾವ ಕಾಲದ ಕಥೆ? ಆ ಪ್ರಕರಣದಲ್ಲಿ ಸಬ್ ಇನ್‌ಸ್ಪೆಕ್ಟರ್ ಬಂಧನವಾಯಿತು. ಆ ಯುವಕನನ್ನು ಠಾಣೆಗೆ ಒಯ್ದದ್ದೂ ವಿಚಾರಣೆಯ ಹೆಸರಿನಲ್ಲೇ.

ಮೆಮೊ, ಸಾಕ್ಷಿ ಸಹಿ, ಸಂಬಂಧಿಕರಿಗೆ ಸುದ್ದಿ ಎಂಬ ಈ ಕಟ್ಟುಪಾಡು ಬಂದದ್ದೂ ಪತ್ರಿಕೆಯಿಂದಲೇ ಎಂಬುದನ್ನು ನಮ್ಮ ವೃತ್ತಿಯವರು ನೆನೆಯಬೇಕು. 1986ರ ಆಗಸ್ಟಿನಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಅವರು ಪೊಲೀಸ್ ಕಸ್ಟಡಿಯ ಸಾವುಗಳ ಬಗ್ಗೆ ಬಂದ ಪತ್ರಿಕಾ ವರದಿಗಳನ್ನು ಕತ್ತರಿಸಿ, ಒಂದು ಪತ್ರದೊಂದಿಗೆ ಸುಪ್ರೀಂ ಕೋರ್ಟಿಗೆ ಕಳಿಸಿದರು. ನ್ಯಾಯಾಲಯ ಆ ಪತ್ರವನ್ನೇ ರಿಟ್ ಅರ್ಜಿ ಎಂದು ತೆಗೆದುಕೊಂಡಿತು. ಹತ್ತು ವರ್ಷ ಕಳೆದು 1996ರ ಡಿಸೆಂಬರ್ 18ರಂದು 11 ನಿರ್ದೇಶನಗಳ ತೀರ್ಪು ಬಂತು. ಅವನ್ನು ಪ್ರತಿ ಠಾಣೆಯಲ್ಲೂ ಎದ್ದು ಕಾಣುವ ಜಾಗದಲ್ಲಿ ತೂಗುಹಾಕಬೇಕು, ಆಕಾಶವಾಣಿ ಮತ್ತು ದೂರದರ್ಶನದಲ್ಲಿ ಬಿತ್ತರಿಸಬೇಕು, ಸ್ಥಳೀಯ ಭಾಷೆಯಲ್ಲಿ ಕರಪತ್ರ ಹಂಚಬೇಕು ಎಂಬ ಮಾತೂ ತೀರ್ಪಿನಲ್ಲಿದೆ. ಓದುಗರೇ, ನಿಮ್ಮ ಊರಿನಲ್ಲಿ ಅಂಥ ಕರಪತ್ರವನ್ನು ಕೈಯಲ್ಲಿ ಹಿಡಿದವರು ಎಷ್ಟು ಜನ? ಠಾಣೆಯ ಗೋಡೆಯ ಮೇಲಿನ ಆ ಬೋರ್ಡನ್ನು ನಿಂತು ಓದಿದವರು ಎಷ್ಟು ಜನ? ನಿಂತು ಓದುವುದಕ್ಕೂ ಧೈರ್ಯ ಬೇಕು. ‘ಏನ್ ನೋಡ್ತಿದ್ದೀಯಾ’ ಎಂಬ ದನಿ ಬೆನ್ನ ಹಿಂದೆಯೇ ಇರುತ್ತದೆ.

ಕಳೆದ ಕೆಲವು ವರ್ಷಗಳಲ್ಲಿ ನ್ಯಾಯಾಲಯಗಳು ಒಂದು ಹೆಜ್ಜೆ ಮುಂದೆ ಹೋಗಿವೆ. ಬಂಧನದ ಕಾರಣವನ್ನು ಬರವಣಿಗೆಯಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ತಡವಾದರೂ ರಿಮಾಂಡಿಗೆ ಎರಡು ಗಂಟೆ ಮೊದಲಾದರೂ ಅದು ಕೈ ಸೇರಿರಬೇಕು ಎಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಪಾಲಿಗೆ ಅರ್ಥವಾಗುವ ಭಾಷೆ ಎಂದರೆ ಕನ್ನಡ. ರಾಮನಗರ, ಚನ್ನಪಟ್ಟಣದ ರೀಲರುಗಳ ಓಣಿಯಲ್ಲಿ ಕೆಲವರಿಗೆ ಉರ್ದು. ಕಟ್ಟಡದ ಕೆಲಸಕ್ಕೆ ಬಂದ ಬಿಹಾರದ ಹುಡುಗನಿಗೆ ಹಿಂದಿ. ಭಾಷೆಯ ಅಭಿಮಾನವನ್ನು ನಾಮಫಲಕದ ಮೇಲೆ ತೋರಿಸುವ ನಾವು, ಒಬ್ಬನ ಸ್ವಾತಂತ್ರ್ಯ ಕಸಿಯುವ ಹಾಳೆ ಯಾವ ಭಾಷೆಯಲ್ಲಿದೆ ಎಂದು ಎಂದಾದರೂ ಕೇಳಿದ್ದೇವೆಯೇ?

ಮೌನದ ಹಕ್ಕಿನ ಬಗ್ಗೆಯೂ ಗೊಂದಲವಿದೆ. ಬಾಯಿ ಬಿಡದಿದ್ದರೆ ತಪ್ಪಿತಸ್ಥನೆಂದೇ ಅರ್ಥ ಎಂದು ನಮ್ಮ ಜನ ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಸಂವಿಧಾನದ 20(3)ನೇ ವಿಧಿಯ ಪ್ರಕಾರ ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡುವಂತಿಲ್ಲ. ತನಿಖಾಧಿಕಾರಿ ಕೇಳಿದ್ದಕ್ಕೆ ನಿಜ ಹೇಳಬೇಕಾದದ್ದು ಕರ್ತವ್ಯ. ಸುಳ್ಳು ಹೇಳಲು ಯಾರಿಗೂ ಹಕ್ಕಿಲ್ಲ. ಹೆಸರು, ವಿಳಾಸ ಮುಚ್ಚಿಟ್ಟರೆ ಅದೊಂದೇ ಬಂಧನಕ್ಕೆ ಕಾರಣವಾದೀತು. ಆದರೆ ಯಾವ ಉತ್ತರ ತನ್ನ ಕೊರಳಿಗೇ ಉರುಳಾಗುತ್ತದೋ ಆ ಉತ್ತರ ಕೊಡದಿರಲು ಅವಕಾಶವಿದೆ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಶತಪಥಿ ಅವರನ್ನು ಠಾಣೆಗೆ ಕರೆಸಿ ಪ್ರಶ್ನಾವಳಿ ಕೊಟ್ಟಾಗ ಅವರು ಉತ್ತರಿಸಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕನ್ನು ಎತ್ತಿಹಿಡಿಯಿತು, ಒಬ್ಬ ಹೆಣ್ಣುಮಗಳನ್ನು ಠಾಣೆಗೆ ಕರೆಸಿದ್ದೇ ತಪ್ಪು ಎಂದೂ ಹೇಳಿತು. ಇದೇ ಹಕ್ಕಿನ ಇನ್ನೊಂದು ದೊಡ್ಡ ತೀರ್ಪಿನ ಹೆಸರಿನಲ್ಲೇ ನಮ್ಮ ರಾಜ್ಯವಿದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010ರ ಮೇ 5. ಮಂಪರು ಪರೀಕ್ಷೆ, ಮಿದುಳು ನಕ್ಷೆ, ಸುಳ್ಳು ಪತ್ತೆ ಯಂತ್ರ ಇವಾವನ್ನೂ ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಎಂದ ತೀರ್ಪು ಅದು. ಅದಕ್ಕೆ ಮುಂಚೆ ಬೆಂಗಳೂರಿನ ಪ್ರಯೋಗಾಲಯದ ಮಂಪರು ಪರೀಕ್ಷೆಯ ದೃಶ್ಯಗಳನ್ನು ಟಿ.ವಿ.ಯಲ್ಲಿ ಸಿನಿಮಾದ ಹಾಗೆ ನೋಡಿದವರು ನಾವು.

ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕಿಲ್ಲ ಎಂಬುದು ಇನ್ನೊಂದು ಸಂಗತಿ. ಕಾನೂನೇ ಹಾಗೆ ಹೇಳುತ್ತದೆ. ಆದರೂ ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿ ಬಂದವರನ್ನು ನಾನೇ ಕಂಡಿದ್ದೇನೆ. ಮಹಜರಿಗೆ ಪಂಚರಾಗಿ ಸಹಿ ಹಾಕಿ, ಎರಡು ವರ್ಷ ಬಿಟ್ಟು ಕೋರ್ಟಿನಿಂದ ಸಮನ್ಸ್ ಬಂದಾಗ ಏನಕ್ಕೆ ಸಹಿ ಹಾಕಿದ್ದೆನೆಂದು ಗೊತ್ತಿಲ್ಲದೆ ತಬ್ಬಿಬ್ಬಾದವರನ್ನೂ ಕಂಡಿದ್ದೇನೆ. ಶೋಧನೆ, ಜಪ್ತಿಯನ್ನು ಈಗ ವಿಡಿಯೊ ಮಾಡಲೇಬೇಕು. ಹೊಸ ಸಂಹಿತೆಯ 105ನೇ ಕಲಮು ಅದನ್ನು ಕಡ್ಡಾಯ ಮಾಡಿದೆ.

ವಾರಾಂತ್ಯದಲ್ಲಿ ಸಾವನದುರ್ಗಕ್ಕೆ, ಮಂಚನಬೆಲೆಗೆ, ರಾಮದೇವರ ಬೆಟ್ಟಕ್ಕೆ ಬೆಂಗಳೂರಿನಿಂದ ಹುಡುಗ ಹುಡುಗಿಯರು ಬೈಕಿನಲ್ಲಿ ಬರುತ್ತಾರೆ. ದಾರಿಯಲ್ಲಿ ತಡೆದಾಗ ಮೊದಲು ಕೀ ಹೋಗುತ್ತದೆ, ಆಮೇಲೆ ಫೋನು. ‘ಅನ್‌ಲಾಕ್ ಮಾಡು, ಚಾಟ್ ತೋರಿಸು’ ಎಂದರೆ ತೋರಿಸಿಬಿಡುತ್ತಾರೆ. ಮೊಬೈಲಿನ ಒಳಗನ್ನು ಜಾಲಾಡಲು, ತೀರಾ ತುರ್ತಿನ ಸಂದರ್ಭ ಬಿಟ್ಟರೆ, ಸರ್ಚ್ ವಾರಂಟ್ ಬೇಕು ಎಂದು ನಮ್ಮದೇ ಹೈಕೋರ್ಟ್ 2021ರ ಮಾರ್ಚಿನಲ್ಲಿ ಹೇಳಿದ್ದು ಅವರಿಗೆ ತಿಳಿದಿರುವುದಿಲ್ಲ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಂಪಿಗೆಹಳ್ಳಿ ವ್ಯಾಪ್ತಿಯಲ್ಲಿ ರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ದಂಪತಿಯನ್ನು ಇಬ್ಬರು ಪೊಲೀಸರು ತಡೆದು, ಹನ್ನೊಂದರ ಮೇಲೆ ರಸ್ತೆಯಲ್ಲಿ ನಡೆಯುವಂತಿಲ್ಲ ಎಂದು ಹೆದರಿಸಿ, 3000 ರೂಪಾಯಿ ದಂಡ ಕೇಳಿದರು. ಕೊನೆಗೆ 1000 ರೂಪಾಯಿ ಪಡೆದರು. ಅಂಥ ನಿಯಮವೇ ಇಲ್ಲ. ದಂಪತಿ ಮರುದಿನ ಬಹಿರಂಗವಾಗಿ ಹೇಳಿಕೊಂಡದ್ದರಿಂದ ಆ ಇಬ್ಬರೂ ಅಮಾನತಾದರು. ಹೇಳಿಕೊಳ್ಳದೆ ನುಂಗಿಕೊಂಡವರ ಲೆಕ್ಕ ಯಾರಲ್ಲಿದೆ?

ಬೆಂಗಳೂರು–ಮೈಸೂರು ಹಾದಿಯಲ್ಲಿ, ಮಂಡ್ಯದಲ್ಲಿ, 2025ರ ಮೇ 26ರಂದು ನಡೆದದ್ದನ್ನು ಬರೆಯಲು ಕೈ ಏಳುವುದಿಲ್ಲ. ನಾಯಿ ಕಚ್ಚಿದ ಮೂರು ವರ್ಷದ ಮಗುವನ್ನು ತಂದೆ ತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಪೊಲೀಸರು ತಡೆಯಲು ಹೋದಾಗ ಬೈಕು ಬಿತ್ತು, ಮಗು ಲಾರಿಯ ಚಕ್ರಕ್ಕೆ ಸಿಕ್ಕಿತು. ಮೂವರು ಎಎಸ್‌ಐಗಳು ಅಮಾನತಾದರು. ವಾಹನವನ್ನು ಹಠಾತ್ತನೆ ಅಡ್ಡಗಟ್ಟಬಾರದು, ಕೀ ಕಿತ್ತುಕೊಳ್ಳಬಾರದು ಎಂದು ಅದಾದ ಮೇಲೆ ಪೊಲೀಸ್ ಮುಖ್ಯಸ್ಥರು ಸೂಚನೆ ಹೊರಡಿಸಬೇಕಾಯಿತು. ಆ ಸೂಚನೆ ಒಂದು ಮಗುವಿನ ಜೀವ ತೆಗೆದುಕೊಂಡು ಬಂದಿದೆ.

ಹಳ್ಳಿಗಳ ಕಡೆ ಇನ್ನೂ ಆಳವಾದ ಗಾಯವೆಂದರೆ ಭೂಮಿ. ಬಿಡದಿ, ಮಾಗಡಿ, ಹಾರೋಹಳ್ಳಿ ಕಡೆ ಎಕರೆಯ ಬೆಲೆ ಏರಿದ ಹಾಗೆಲ್ಲ ಸಿವಿಲ್ ಕೋರ್ಟಿಗೆ ಹೋಗಬೇಕಾದ ಜಗಳ ಠಾಣೆಯ ಮೆಟ್ಟಿಲು ಹತ್ತುತ್ತಿದೆ. ಕೋರ್ಟಿನಲ್ಲಿ ವರ್ಷಗಟ್ಟಲೆ, ಠಾಣೆಯಲ್ಲಿ ಒಂದೇ ಸಂಜೆ. ಭಾಗದ ವಿಚಾರ, ಕರಾರಿನ ವಿಚಾರ, ಬದುವಿನ ವಿಚಾರ ಪೊಲೀಸರದ್ದಲ್ಲ. ‘ಇದು ಸಿವಿಲ್ ಸ್ವರೂಪದ್ದು, ನ್ಯಾಯಾಲಯಕ್ಕೆ ಹೋಗಿ’ ಎಂದು ಹಿಂಬರಹ ಕೊಟ್ಟು ಕಳಿಸಬೇಕಾದ ಅರ್ಜಿಗೆ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುವುದು ರೂಢಿಯಾಗಿದೆ. ರಾಜಿಯಲ್ಲಿ ಗೆಲ್ಲುವವರು ಯಾರೆಂದು ಬಾಯಿಬಿಟ್ಟು ಹೇಳಬೇಕಿಲ್ಲ. ಇತ್ತ ನಿಜವಾಗಿ ಪೊಲೀಸರು ಕೈಗೆತ್ತಿಕೊಳ್ಳಬೇಕಾದ ದೂರಿಗೆ ಎಫ್‌ಐಆರ್ ಆಗುವುದಿಲ್ಲ. 2020ರಲ್ಲಿ ಕಲಬುರಗಿಯಲ್ಲಿ ಒಬ್ಬ ತಾಯಿ ಮಗ ಕಾಣೆಯಾಗಿದ್ದಾನೆಂದು ದೂರು ಕೊಟ್ಟರೂ ಎಫ್‌ಐಆರ್ ದಾಖಲಿಸಲಿಲ್ಲ. ಹೈಕೋರ್ಟಿನ ಕಲಬುರಗಿ ಪೀಠ ಆ ಠಾಣಾಧಿಕಾರಿಗೆ ಒಂದು ವಾರ ಠಾಣೆಯ ಮುಂದಿನ ರಸ್ತೆ ಗುಡಿಸಲು ಹೇಳಿತು. ಎಫ್‌ಐಆರಿನ ಪ್ರತಿ ದೂರುದಾರರಿಗೆ ಉಚಿತ. ಠಾಣೆ ಯಾವುದೇ ಇರಲಿ, ಘಟನೆ ಎಲ್ಲೇ ನಡೆದಿರಲಿ, ದೂರು ತೆಗೆದುಕೊಳ್ಳಲೇಬೇಕು. ನಿರಾಕರಿಸಿದರೆ ಎಸ್‌ಪಿಗೆ ಬರವಣಿಗೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

2024ರ ಫೆಬ್ರುವರಿಯಲ್ಲಿ ರಾಮನಗರದ ಐಜೂರು ಠಾಣೆಯಲ್ಲಿ 40 ವಕೀಲರ ಮೇಲೆ ಪ್ರಕರಣ ದಾಖಲಾಯಿತು. ವಕೀಲರು ದಿನಗಟ್ಟಲೆ ಧರಣಿ ಕೂತರು. ಕೊನೆಗೆ ಸಬ್ ಇನ್‌ಸ್ಪೆಕ್ಟರ್ ಅಮಾನತಾದರು. ಆ ಪ್ರಕರಣದ ಸರಿ ತಪ್ಪಿನ ಚರ್ಚೆಗೆ ನಾನು ಇಳಿಯುತ್ತಿಲ್ಲ. ಕಾನೂನು ಬಲ್ಲ, ಸಂಘಟನೆಯಿರುವ, ಕರಿಕೋಟು ತೊಟ್ಟವರೇ ಅಷ್ಟು ದಿನ ಬೀದಿಯಲ್ಲಿ ಕೂರಬೇಕಾಯಿತು ಎಂಬುದಷ್ಟೇ ನನ್ನ ಮಾತು. ಸಾವನದುರ್ಗದ ಸುತ್ತ, ಮಾಗಡಿ ರಾಮನಗರ ಕನಕಪುರದ ಕಾಡಂಚಿನಲ್ಲಿ ಇರುಳಿಗರ ಹಟ್ಟಿಗಳಿವೆ. ಜೇನು, ಗೆಡ್ಡೆ ಗೆಣಸು, ಕೂಲಿ ಇವರ ಬದುಕು. ಕಾಡಿನಲ್ಲಿ ಏನೇ ಆದರೂ, ಬೆಂಕಿ ಬಿದ್ದರೂ, ಮರ ಬಿದ್ದರೂ, ಮೊದಲ ಪ್ರಶ್ನೆ ಇವರ ಹಟ್ಟಿಗೇ ಬರುತ್ತದೆ. ಒಮ್ಮೆ ಖಾಕಿ ಪೊಲೀಸರದು, ಒಮ್ಮೆ ಅರಣ್ಯ ಇಲಾಖೆಯದು. ಇವರಿಗೆ ಯಾವ ಧರಣಿ, ಯಾವ ಸಂಘ? ಪರಿಶಿಷ್ಟ ಪಂಗಡದವರಿಗೆ, ಹೆಂಗಸರಿಗೆ, ಬಂಧನದಲ್ಲಿರುವ ಯಾರಿಗೇ ಆದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ, 15100 ಎಂಬ ಸಹಾಯವಾಣಿ ಇದೆ. ವಿಚಾರಣೆಯ ವೇಳೆ, ಉದ್ದಕ್ಕೂ ಅಲ್ಲದಿದ್ದರೂ, ತನ್ನ ಆಯ್ಕೆಯ ವಕೀಲರನ್ನು ಭೇಟಿಯಾಗುವ ಹಕ್ಕನ್ನು ಹೊಸ ಸಂಹಿತೆಯ 38ನೇ ಕಲಮು ಬಂಧಿತನಿಗೆ ಕೊಟ್ಟಿದೆ. ಈ ಮಾತು ಹಟ್ಟಿಗೆ ತಲುಪಿಲ್ಲ.

ಕೇಳದೆ ತಲೆಬಾಗುವ ಈ ಅಭ್ಯಾಸದ ಲಾಭ ಪಡೆಯುವವರು ಪೊಲೀಸರೊಬ್ಬರೇ ಅಲ್ಲ ಎಂಬುದು ನನ್ನ ಅತಿ ದೊಡ್ಡ ದಿಗಿಲು. 2023ರ ಮಾರ್ಚ್ 31ರ ರಾತ್ರಿ ಕನಕಪುರ ತಾಲ್ಲೂಕಿನ ಸಾತನೂರಿನಲ್ಲಿ ಜಾನುವಾರು ಸಾಗಿಸುತ್ತಿದ್ದ ವಾಹನವನ್ನು ಪೊಲೀಸರಲ್ಲದವರು ತಡೆದು ಪ್ರಶ್ನಿಸಿದರು. ಮರುದಿನ ವಾಹನದಲ್ಲಿದ್ದ ಒಬ್ಬರ ಶವ ಸಿಕ್ಕಿತು, ಕೊಲೆ ಪ್ರಕರಣ ದಾಖಲಾಯಿತು. ಅದರ ತೀರ್ಮಾನ ನ್ಯಾಯಾಲಯದ್ದು. ಆದರೆ ರಸ್ತೆಯಲ್ಲಿ ನಿಲ್ಲಿಸಿ ವಿಚಾರಣೆ ಮಾಡುವ ಅಧಿಕಾರ ಖಾಸಗಿಯವರಿಗೆ ಯಾವ ಕಾಯಿದೆಯೂ ಕೊಟ್ಟಿಲ್ಲ. ಕಣ್ಣೆದುರು ಜಾಮೀನುರಹಿತ ಸಂಜ್ಞೇಯ ಅಪರಾಧ ನಡೆದರೆ ಹಿಡಿಯಬಹುದು, ಹಿಡಿದವನನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅಷ್ಟೇ.

ಇನ್ನೊಂದು ಮುಖ ಫೋನಿನ ಪರದೆಯ ಮೇಲೆ ಬರುತ್ತದೆ. ಖಾಕಿ ತೊಟ್ಟವನೊಬ್ಬ ವಿಡಿಯೊ ಕರೆಯಲ್ಲಿ ಕಾಣಿಸಿಕೊಂಡು, ‘ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾ ಆಫ್ ಮಾಡಬೇಡಿ’ ಎನ್ನುತ್ತಾನೆ. 2024ರ ಕೊನೆಯಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಹೀಗೆ 11.8 ಕೋಟಿ ರೂಪಾಯಿ ಕಳೆದುಕೊಂಡರು. ಓದಿದವರು, ಕಂಪ್ಯೂಟರಿನಲ್ಲೇ ಬದುಕುವವರು. ಡಿಜಿಟಲ್ ಅರೆಸ್ಟ್ ಎಂಬುದು ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಬಂಧನವೆಂದರೆ ಮೆಮೊ, ಸಾಕ್ಷಿ, ಮ್ಯಾಜಿಸ್ಟ್ರೇಟ್ ಎಂದು ಗೊತ್ತಿದ್ದವರು ಮೊದಲ ನಿಮಿಷದಲ್ಲೇ ಫೋನ್ ಕೆಳಗಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುತ್ತಿದ್ದರು. ಕಳ್ಳ ಹೂಡಿದ ಬಂಡವಾಳ ನಮ್ಮ ಅಂಜಿಕೆ. ‘ಸ್ಟೇಷನ್ನಿಗೆ ಬಾ’ ಎಂದಾಗ ಯಾಕೆ ಎನ್ನದೆ ಹೊರಟು ಹೊರಟು ರೂಢಿಯಾದ ಅಂಜಿಕೆ ಅದು.

ಪೊಲೀಸರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವ ಉದ್ದೇಶ ನನಗಿಲ್ಲ. ಹಬ್ಬದ ದಿನವೂ ಬಂದೋಬಸ್ತಿನಲ್ಲಿ ನಿಲ್ಲುವ ಪೇದೆಗಳ ದಣಿವನ್ನು ಬಲ್ಲೆ. ಬೆಟ್ಟದಲ್ಲಿ ದಾರಿ ತಪ್ಪಿದವರನ್ನು ರಾತ್ರಿಯೆಲ್ಲ ಹುಡುಕಿ ಇಳಿಸಿಕೊಂಡು ಬರುವವರೂ ಅವರೇ. ನೋಟಿಸಿನ ಪ್ರತಿ, ಮೆಮೊದ ಸಹಿ, ಕ್ಯಾಮೆರಾದ ದಾಖಲೆ ಅವರನ್ನೂ ಕಾಯುತ್ತವೆ. ಸುಳ್ಳು ಆರೋಪ ಬಂದ ದಿನ ಪ್ರಾಮಾಣಿಕ ಅಧಿಕಾರಿಯ ಪರ ಮಾತಾಡುವುದು ಆ ಕಾಗದವೊಂದೇ. ಠಾಣೆಯ ಬಾಗಿಲು, ಲಾಕಪ್ಪು, ಮೊಗಸಾಲೆ ಎಲ್ಲ ಕಡೆ ಸಿಸಿ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದೇ ಆದೇಶಿಸಿದೆ. ಕೆಟ್ಟುನಿಂತ ಕ್ಯಾಮೆರಾಗಳ ಸುದ್ದಿ ಓದಿ 2025ರಲ್ಲಿ ಮತ್ತೆ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು.

ಜಿಲ್ಲಾಡಳಿತಕ್ಕೆ ಈ ಪತ್ರಿಕೆಯ ಬೇಡಿಕೆ ದೊಡ್ಡದಲ್ಲ. 1996ರ ತೀರ್ಪು ಹೇಳಿದ ಕರಪತ್ರವನ್ನು, ಹೊಸ ಸಂಹಿತೆಗೆ ಹೊಂದುವಂತೆ, ಹಳ್ಳಿಯ ಕನ್ನಡದಲ್ಲಿ ಬರೆಸಿ. ಸಾವನದುರ್ಗದ ಜಾತ್ರೆಯಲ್ಲಿ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ, ಚನ್ನಪಟ್ಟಣದ ಬೊಂಬೆ ಕೆಲಸಗಾರರ ಬೀದಿಯಲ್ಲಿ, ಇರುಳಿಗರ ಹಟ್ಟಿಯಲ್ಲಿ ಹಂಚಿ. ಓದಲು ಬಾರದವರಿಗೆ ಓದಿ ಹೇಳಿ. ಪ್ರತಿ ಠಾಣೆಯಲ್ಲೂ ಯಾರನ್ನು ಕರೆಸಿದ್ದೇವೆ, ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆಯುವ ಪುಸ್ತಕವನ್ನು ಬಾಗಿಲ ಬಳಿಯೇ ಇಡಿ, ಬಂದವರೇ ಅದರಲ್ಲಿ ಸಹಿ ಹಾಕಲಿ. ಹೈಸ್ಕೂಲಿನ ಮಕ್ಕಳಿಗೆ ಸಂವಿಧಾನದ ಪೀಠಿಕೆ ಓದಿಸುವ ದಿನವೇ ಒಂದು ಬಂಧನದ ಮೆಮೊ ಹೇಗಿರುತ್ತದೆ ಎಂದೂ ತೋರಿಸಿ. ಅವರು ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳುತ್ತಾರೆ.

ಓದುಗರಿಗೂ ಒಂದು ಮಾತು. ಮುಂದಿನ ಸಲ ಫೋನ್ ಬಂದಾಗ ಗದರಬೇಡಿ, ಜಗಳವಾಡಬೇಡಿ. ‘ಬರುತ್ತೇನೆ ಸರ್, ನೋಟಿಸ್ ಕಳಿಸಿಕೊಡಿ’ ಎನ್ನಿ. ಅಷ್ಟು ಹೇಳಲು ಬಾಯಿ ಒಣಗುತ್ತದೆ, ನನಗೆ ಗೊತ್ತು. ಮನೆಯವರನ್ನು ಹಿಡಿದೊಯ್ದು ಸುಳಿವು ಕೊಡದಿದ್ದರೆ 112ಕ್ಕೆ, ಜಿಲ್ಲಾ ಕಂಟ್ರೋಲ್ ರೂಮಿಗೆ ಕೇಳಿ. ಬಂಧಿತರ ವಿವರ ಅಲ್ಲಿ ಇರಲೇಬೇಕೆಂದು ಕಾನೂನಿದೆ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದ ಗಡುವು ಇದ್ದರೂ, ಒಬ್ಬರ ಜೀವ ಇಲ್ಲವೇ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆಯೊಳಗೆ ಉತ್ತರ ಕೊಡಬೇಕು. ಮ್ಯಾಜಿಸ್ಟ್ರೇಟರು ‘ಪೊಲೀಸರಿಂದ ತೊಂದರೆ ಆಯಿತೇ’ ಎಂದು ಕೇಳಿದಾಗ ನೆಲ ನೋಡಿ ತಲೆ ಅಲ್ಲಾಡಿಸಬೇಡಿ. ಆ ಪ್ರಶ್ನೆ ನಿಮಗಾಗಿಯೇ ಇದೆ.

ಈ ಬರಹ ಮುಗಿಸುವ ಮೊದಲು ನಾನು ಒಂದು ಕೆಲಸ ಮಾಡಿದೆ. ವರ್ಷಗಳ ಹಿಂದೆ ಓದದೆ ಸಹಿ ಹಾಕಿದ ಆ ಮುಚ್ಚಳಿಕೆಯ ನಕಲು ಬೇಕೆಂದು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಬರೆದು, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಮಾಗಡಿ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿದೆ. ರಸೀದಿ ಈಗ ನನ್ನ ಮೇಜಿನ ಮೇಲಿದೆ.